ಹಾರ್ಡ್ ಡಿಸ್ಕ್ ಅಳವಡಿಸುವ ಅಂಗಡಿಗಳು ಮೊದಲು ಗ್ರಾಹಕರನ್ನು ಕೇಳಲಿ

ಮಾನ್ಯ ಸಂಪಾದಕರೇ,

ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಉಡುಪಿ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಆಟ ನಡೆಯುವುದು ಟಿವಿಯ ಪರದೆಯ ಮೇಲೆ. ಹರಕೆಯ ಆಟ, ದೈವದ ನೇಮ, ಮದುವೆ, ಮುಂಜಿ ಎಂದು ಮನೆಯವರೇ ಕ್ಯಾಮೆರಾದಲ್ಲಿ ಹಿಡಿದಿಟ್ಟದ್ದನ್ನೆಲ್ಲ ಹಾರ್ಡ್ ಡಿಸ್ಕ್‌ಗೆ ತುಂಬಿಸಿ, ಆ ಡಿಸ್ಕನ್ನು ಟಿವಿಗೆ ಜೋಡಿಸುವ ಪೆಟ್ಟಿಗೆಯಾದ ಮೀಡಿಯಾ ಪ್ಲೇಯರ್‌ನೊಳಗೆ ಕೂರಿಸಿ ನೋಡುವ ಅಭ್ಯಾಸ, ಮಳೆಗಾಲದಲ್ಲಿ ಇಂಟರ್ನೆಟ್ಟನ್ನು ನೆಚ್ಚಿಕೊಳ್ಳಲಾಗದ ಹಳ್ಳಿಗಳಲ್ಲಿ ಇಂದಿಗೂ ಉಳಿದಿದೆ. ಆ ಡಿಸ್ಕನ್ನು ಅಳವಡಿಸಿಕೊಡುವ ಅಂಗಡಿಗಳ ಕ್ರಮದ ಬಗ್ಗೆ ನಾಲ್ಕು ಮಾತು ಹೇಳಲು ಈ ಪತ್ರ.

ಪರಿಚಿತರೊಬ್ಬರು ಹಳೆಯ ಕಂಪ್ಯೂಟರಿನಿಂದ ತೆಗೆಸಿದ, ಮನೆಯ ಚಿತ್ರೀಕರಣಗಳಿದ್ದ ಡಿಸ್ಕನ್ನು, ಹೊಸ ಪ್ಲೇಯರ್ ಕೊಂಡ ಅಂಗಡಿಯಲ್ಲೇ ಕೊಟ್ಟು, ಇದನ್ನೇ ಒಳಗೆ ಹಾಕಿಕೊಡಿ ಎಂದರು. ಕೆಲಸದ ಹುಡುಗ ಡಿಸ್ಕನ್ನು ಕೂರಿಸಿ, ಸ್ಕ್ರೂ ಬಿಗಿದು, ಟಿವಿಗೆ ಜೋಡಿಸಿ, ಪರದೆಯ ಮೇಲೆ ಇಂಗ್ಲಿಷಿನಲ್ಲಿ ಮೂಡಿದ ಪ್ರಶ್ನೆಗೆ ರಿಮೋಟಿನ ಓಕೆ ಗುಂಡಿ ಒತ್ತಿದ. ಆ ಪ್ರಶ್ನೆ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ, ಅಂದರೆ ಒಳಗಿದ್ದುದನ್ನು ಅಳಿಸಿ ಹೊಸದಾಗಿ ಸಿದ್ಧಪಡಿಸಲೇ ಎಂಬುದಾಗಿತ್ತು. ಹುಡುಗನನ್ನು ದೂರಿ ಪ್ರಯೋಜನವಿಲ್ಲ. ಅವನ ಕೈಗೆ ಸಾಮಾನ್ಯವಾಗಿ ಬರುವುದು ಹೊಸ, ಖಾಲಿ ಡಿಸ್ಕ್‌ಗಳೇ, ಅವಕ್ಕೆ ಓಕೆ ಒತ್ತುವುದೇ ಸರಿಯಾದ ಕ್ರಮ. ಒಳಗೆ ಏನಾದರೂ ಇದೆಯೇ ಎಂದು ಒಮ್ಮೆ ಕೇಳುವ ಪದ್ಧತಿ ಆ ಅಂಗಡಿಯಲ್ಲಿ ಇರಲಿಲ್ಲ, ನಾನು ವಿಚಾರಿಸಿದ ಬೇರೆ ಕೆಲವು ಅಂಗಡಿಗಳಲ್ಲಿಯೂ ಇಲ್ಲ.

ಪ್ಲೇಯರ್ ಹೀಗೆ ಕೇಳುವುದಕ್ಕೆ ಕಾರಣವಿದೆ. ವಿಂಡೋಸ್ ಕಂಪ್ಯೂಟರ್‌ಗಳು ಡಿಸ್ಕನ್ನು ಸಾಮಾನ್ಯವಾಗಿ ಎನ್‌ಟಿಎಫ್‌ಎಸ್ ಎಂಬ, ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆಯಲ್ಲಿ ವಿಂಗಡಿಸಿಕೊಂಡಿರುತ್ತವೆ. ಮೀಡಿಯಾ ಪ್ಲೇಯರ್‌ಗಳಲ್ಲಿ ಹೆಚ್ಚಿನವು ನಡೆಯುವುದು ಲಿನಕ್ಸ್ ಎಂಬ ಮೂಲ ತಂತ್ರಾಂಶದಲ್ಲಿ ಅಥವಾ ಅದರ ಮೇಲೆ ಕಟ್ಟಿದ ಆಂಡ್ರಾಯ್ಡ್‌ನಲ್ಲಿ. ಅವುಗಳ ಸ್ವಂತ ವ್ಯವಸ್ಥೆ ಇಎಕ್ಸ್‌ಟಿ3 ಅಥವಾ ಇಎಕ್ಸ್‌ಟಿ4. ಯುಎಸ್‌ಬಿ ಮೂಲಕ ಹೊರಗಿನಿಂದ ಜೋಡಿಸಿದಾಗ ಎನ್‌ಟಿಎಫ್‌ಎಸ್ ಡಿಸ್ಕನ್ನು ಯಾವ ತಕರಾರೂ ಇಲ್ಲದೆ ಓದುವ ಪ್ಲೇಯರೇ, ಅದೇ ಡಿಸ್ಕನ್ನು ಒಳಗೆ ಕೂರಿಸಿದಾಗ ತನ್ನ ಕ್ರಮಕ್ಕೆ ಬದಲಾಯಿಸಬೇಕೆಂದು ಹಟ ಹಿಡಿಯುವುದುಂಟು. ಇದರ ಇನ್ನೊಂದು ಮುಖವನ್ನು ಅಂಗಡಿಯವರು ಹೇಳುವುದೇ ಇಲ್ಲ. ಪ್ಲೇಯರ್ ತನ್ನ ಕ್ರಮದಲ್ಲಿ ಸಿದ್ಧಪಡಿಸಿಕೊಂಡ ಡಿಸ್ಕನ್ನು ಮುಂದೊಂದು ದಿನ ಬಿಚ್ಚಿ ವಿಂಡೋಸ್ ಕಂಪ್ಯೂಟರಿಗೆ ಸಿಕ್ಕಿಸಿದರೆ, ತುಂಬಿದ ಡಿಸ್ಕ್ ಅದಕ್ಕೆ ಅರ್ಥವಾಗದೆ, ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು ಎಂಬ ಸೂಚನೆ ಬರಬಹುದು. ಪ್ಲೇಯರ್ ಕೆಟ್ಟು, ಒಳಗಿನದ್ದನ್ನು ಉಳಿಸಿಕೊಳ್ಳಲೆಂದೇ ಡಿಸ್ಕ್ ಬಿಚ್ಚಿದವರು ಆ ಸೂಚನೆಗೆ ಒಪ್ಪಿಗೆ ಕೊಟ್ಟು ಎಲ್ಲವನ್ನೂ ಕಳೆದುಕೊಳ್ಳುವ ಸಾಧ್ಯತೆ ಇರುವುದು ಇಲ್ಲಿಯೇ.

ಇವೆರಡೂ ಬೇಡವೆಂದು ಎಲ್ಲ ಕಡೆ ನಡೆಯುವ ಫ್ಯಾಟ್32 ಎಂಬ ವ್ಯವಸ್ಥೆಯನ್ನು ಆರಿಸಿಕೊಳ್ಳೋಣವೆಂದರೆ, ಅದರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ. ಯಕ್ಷಗಾನವನ್ನು ಚಿತ್ರೀಕರಿಸುವವರಿಗೆ ಇದು ಸಣ್ಣ ತೊಡಕಲ್ಲ. ಹೈ ಡೆಫಿನಿಷನ್ ಕ್ಯಾಮ್‌ಕಾರ್ಡರ್ ಸೆಕೆಂಡಿಗೆ 24 ಮೆಗಾಬಿಟ್‌ನ ಗುಣಮಟ್ಟದಲ್ಲಿ ದಾಖಲಿಸಿದರೆ ಗಂಟೆಗೆ ಸುಮಾರು 10.8 ಜಿಬಿ ಬೇಕು. ಚೌಕಿಪೂಜೆಯಾದ ಬಳಿಕ ಮಂಗಳದವರೆಗೆ ಎಂಟು ಗಂಟೆಯ ಇಡೀ ರಾತ್ರಿಯ ಆಟಕ್ಕೆ 86 ಜಿಬಿ ದಾಟುತ್ತದೆ. ಒಂದು ಟಿಬಿಯ ಡಿಸ್ಕ್‌ನಲ್ಲಿ ಅಂಥ ಹನ್ನೊಂದು ಆಟ ಹಿಡಿಸೀತು, ಅಷ್ಟೇ. ಕಾಲಮಿತಿಯ ಆಟಗಳಾದರೆ ಲೆಕ್ಕ ಬೇರೆ. ಕ್ಯಾಮೆರಾದ ಕಾರ್ಡ್ ಫ್ಯಾಟ್32ರಲ್ಲಿದ್ದರೆ ಚಿತ್ರೀಕರಣ ಮೊದಲೇ ತುಂಡು ತುಂಡಾಗಿ ಬಂದಿರುತ್ತದೆ. ಭಾಗವತರು ಪದವನ್ನು ಎತ್ತಿದ್ದು ಒಂದು ಫೈಲಿನಲ್ಲಿ, ಇಳಿಸಿದ್ದು ಇನ್ನೊಂದರಲ್ಲಿ. ಪ್ಲೇಯರ್ ನಡುವೆ ಒಂದು ಕ್ಷಣ ಕಪ್ಪು ಪರದೆ ತೋರಿಸಿ ಮುಂದುವರಿದಾಗ ರಸಿಕರಿಗೆ ಆಗುವ ಕಿರಿಕಿರಿಯನ್ನು ನಾನು ವಿವರಿಸಬೇಕಾಗಿಲ್ಲ. ಎಕ್ಸ್‌ಫ್ಯಾಟ್ ಎಂಬ ವ್ಯವಸ್ಥೆಗೆ ಈ ಮಿತಿ ಇಲ್ಲ, 32 ಜಿಬಿಗಿಂತ ದೊಡ್ಡ ಮೆಮೊರಿ ಕಾರ್ಡ್‌ಗಳು ಅದರಲ್ಲೇ ಬರುತ್ತವೆ. ಆದರೆ ಲಿನಕ್ಸ್‌ನ ಮೂಲ ಭಾಗದೊಳಗೆ ಅದು ಸೇರಿದ್ದು 2019ರಲ್ಲಿ, ಆದ್ದರಿಂದ ಅದಕ್ಕಿಂತ ಹಳೆಯ ಹಲವು ಪ್ಲೇಯರ್‌ಗಳಿಗೆ ಅದು ಓದಲು ಬಾರದು.

ಡಿಸ್ಕ್‌ನ ಗಾತ್ರದ ವಿಚಾರದಲ್ಲಿಯೂ ಗ್ರಾಹಕರಿಗೆ ಮೊದಲೇ ತಿಳಿಸಬೇಕಾದ್ದಿದೆ. ಎರಡೂವರೆ ಇಂಚಿನ ಡಿಸ್ಕ್‌ಗಳೆಲ್ಲ ಒಂದೇ ದಪ್ಪದವಲ್ಲ. 7 ಮಿಲಿಮೀಟರಿನವು ಇವೆ, 9.5ರವು ಇವೆ, ಹೆಚ್ಚು ಸಾಮರ್ಥ್ಯದವು 15 ಮಿಲಿಮೀಟರ್ ದಪ್ಪವೂ ಇರುತ್ತವೆ. 9.5ಕ್ಕೆ ಮಾಡಿದ ಜಾಗದಲ್ಲಿ 15ರದ್ದನ್ನು ತುರುಕಲಾಗದು. ಮೂರೂವರೆ ಇಂಚಿನ ಡಿಸ್ಕ್‌ಗೆ 5 ವೋಲ್ಟ್ ಜೊತೆಗೆ 12 ವೋಲ್ಟ್ ವಿದ್ಯುತ್ತೂ ಬೇಕು. ಪ್ಲೇಯರಿನ ಅಡಾಪ್ಟರ್ ಸುಟ್ಟಾಗ ಸಿಕ್ಕಿದ ಅಡಾಪ್ಟರನ್ನು ಹಾಕಿದರೆ ಡಿಸ್ಕ್ ತಿರುಗಲು ಹೊರಟು ನಿಂತು, ಮತ್ತೆ ಹೊರಟು, ಕೊನೆಗೆ ಡಿಸ್ಕ್ ಕೆಟ್ಟಿದೆ ಎಂಬ ತಪ್ಪು ತೀರ್ಮಾನಕ್ಕೆ ದಾರಿಯಾಗುತ್ತದೆ. ಸ್ಕ್ರೂಗಳೂ ಬೇರೆ ಬೇರೆ, ಒಂದಕ್ಕೆ ಹೊಂದುವುದು ಇನ್ನೊಂದಕ್ಕೆ ಹೊಂದದು, ಉದ್ದದ ಸ್ಕ್ರೂವನ್ನು ಬಲವಂತವಾಗಿ ತಿರುಗಿಸಿದರೆ ಒಳಗಿನ ಭಾಗಕ್ಕೆ ಪೆಟ್ಟಾಗಬಹುದು. ಹಳೆಯ ಪ್ಲೇಯರ್‌ಗಳಲ್ಲಿ ಎಂಬಿಆರ್ ಎಂಬ ಹಿಂದಿನ ವಿಭಜನಾ ಕ್ರಮ ಮಾತ್ರ ಇದ್ದರೆ ಸುಮಾರು 2 ಟಿಬಿಯ ಆಚೆಗಿನ ಜಾಗವನ್ನು ಅವು ಬಳಸಲಾರವು. ದುಡ್ಡು ಕೊಟ್ಟು 4 ಟಿಬಿ ಡಿಸ್ಕ್ ಹಾಕಿಸಿಕೊಂಡವರಿಗೆ ಅರ್ಧ ವ್ಯರ್ಥ. ಪರದೆಯ ಮೇಲೆ 1 ಟಿಬಿಯ ಬದಲು 931 ಜಿಬಿ ಎಂದು ಕಂಡರೆ ಮಾತ್ರ ಅಂಗಡಿಯವರೊಡನೆ ಜಗಳಕ್ಕೆ ನಿಲ್ಲಬೇಕಾಗಿಲ್ಲ, ತಯಾರಕರು ಸಾವಿರದ ಲೆಕ್ಕದಲ್ಲಿಯೂ ಕಂಪ್ಯೂಟರ್ 1024ರ ಲೆಕ್ಕದಲ್ಲಿಯೂ ಎಣಿಸುವುದರಿಂದ ಆ ವ್ಯತ್ಯಾಸ ಬರುತ್ತದೆ.

ಕರಾವಳಿಯ ಸೆಕೆಯಲ್ಲಿ ಪ್ಲೇಯರನ್ನು ಗಾಜಿನ ಬಾಗಿಲಿನ ಶೋಕೇಸಿನೊಳಗೆ ಇಡಬಾರದು. ಸಾಮಾನ್ಯ ಹಾರ್ಡ್ ಡಿಸ್ಕ್‌ನ ಮೇಲಿರುವ ಗಾಳಿಯಾಡುವ ಸಣ್ಣ ರಂಧ್ರವನ್ನು, ಮಳೆಗಾಲದ ತೇವಕ್ಕೆ ಹೆದರಿ ಟೇಪ್ ಅಂಟಿಸಿ ಮುಚ್ಚಬಾರದು. ಗುಡುಗು ಸಿಡಿಲಿನ ಹೊತ್ತಿಗೆ ಪ್ಲಗ್ಗನ್ನೇ ಕಿತ್ತಿಡುವುದು ನಮ್ಮವರಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ.

ಎರಡು ಡಿಸ್ಕ್‌ಗಳ ಪ್ಲೇಯರ್‌ಗಳನ್ನು ಮಾರುವಾಗ, ಒಂದು ಹೋದರೆ ಇನ್ನೊಂದರಲ್ಲಿ ಇರುತ್ತದೆ, ಬೇರೆ ಪ್ರತಿ ಬೇಡ ಎಂದು ಹೇಳುವುದನ್ನು ಕೇಳಿದ್ದೇನೆ. ಎರಡನ್ನೂ ಒಂದೇ ರೀತಿ ಬರೆಯುವ ರೇಡ್ 1 ಕ್ರಮದಲ್ಲಿ, ಒಂದು ಡಿಸ್ಕ್ ತಾನಾಗಿ ಕೆಟ್ಟಾಗ ಆ ಮಾತು ನಿಜ. ಆದರೆ ಮೊಮ್ಮಗು ರಿಮೋಟ್ ಹಿಡಿದು ಅಳಿಸಿದರೆ ಎರಡರಿಂದಲೂ ಅಳಿಯುತ್ತದೆ, ಸಿಡಿಲು ಬಡಿದರೆ ಎರಡೂ ಒಟ್ಟಿಗೆ ಹೋಗಬಹುದು. ಒಂದೇ ಫೈಲನ್ನು ಎರಡಕ್ಕೂ ಹಂಚಿ ಬರೆಯುವ ರೇಡ್ 0 ಆಗಿದ್ದರಂತೂ ಒಂದು ಕೆಟ್ಟರೆ ಎರಡೂ ಕೆಟ್ಟಂತೆ. ಮನೆಯ ಚಿತ್ರೀಕರಣದ ಇನ್ನೊಂದು ಪ್ರತಿ ಪ್ಲೇಯರಿನ ಹೊರಗೆ, ಸಾಧ್ಯವಾದರೆ ಬೇರೆ ಮನೆಯಲ್ಲಿ ಇರಬೇಕು.

ಅಂಗಡಿಯವರ ಸಂಘಟನೆಗಳು ಇದನ್ನು ಪರಿಗಣಿಸಲಿ ಎಂಬುದು ನನ್ನ ಕೋರಿಕೆ. ಡಿಸ್ಕ್ ಅಳವಡಿಸುವ ಮುನ್ನ ಅದು ಖಾಲಿಯೇ ಎಂದು ಕೇಳಿ ಗ್ರಾಹಕರ ಸಹಿ ಪಡೆಯಲಿ. ಡಿಸ್ಕ್‌ನ ಕ್ರಮಸಂಖ್ಯೆಯನ್ನೂ ಅದನ್ನು ಯಾವ ವ್ಯವಸ್ಥೆಯಲ್ಲಿ ಫಾರ್ಮ್ಯಾಟ್ ಮಾಡಲಾಯಿತು ಎಂಬುದನ್ನೂ ಬಿಲ್ಲಿನಲ್ಲಿ ಬರೆಯಲಿ. ವಾರಂಟಿ ಇರುವುದು ಡಿಸ್ಕ್‌ಗೆ, ಒಳಗಿನ ಚಿತ್ರಗಳಿಗೆ ಅಲ್ಲ ಎಂಬುದನ್ನು ಬಾಯಿಮಾತಿನಲ್ಲಾದರೂ ತಿಳಿಸಲಿ. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಸರಕು ಮತ್ತು ಸೇವೆಯ ಬಗ್ಗೆ ಮಾಹಿತಿ ಪಡೆಯುವುದನ್ನು ಗ್ರಾಹಕರ ಹಕ್ಕು ಎನ್ನುತ್ತದೆ. ನಿರ್ಲಕ್ಷ್ಯದಿಂದ ನಷ್ಟವಾದರೆ ಅದು ಸೇವಾ ನ್ಯೂನತೆಯ ಅರ್ಥವ್ಯಾಪ್ತಿಯಲ್ಲೇ ಬರುತ್ತದೆ. ಇಂಥ ವಿಚಾರಕ್ಕೆ ಯಾರೂ ಗ್ರಾಹಕ ಆಯೋಗದ ಮೆಟ್ಟಿಲು ಹತ್ತುವಂತಾಗಬಾರದು.

ಈಗಾಗಲೇ ಫಾರ್ಮ್ಯಾಟ್ ಆಗಿಹೋಗಿದ್ದರೆ ಕೂಡಲೇ ವಿದ್ಯುತ್ ತೆಗೆದು ಡಿಸ್ಕನ್ನು ಹಾಗೆಯೇ ಬಿಡಬೇಕು. ತ್ವರಿತ ಫಾರ್ಮ್ಯಾಟ್ ಎಂದರೆ ಪುಸ್ತಕದ ಪರಿವಿಡಿಯನ್ನು ಹರಿದು ತೆಗೆದಂತೆ, ಒಳಪುಟಗಳು ಬಹುಮಟ್ಟಿಗೆ ಉಳಿದಿರುತ್ತವೆ. ನನ್ನ ಪರಿಚಿತರ ಚಿತ್ರೀಕರಣಗಳೂ ಹೀಗೆ ಹೆಚ್ಚಿನವು ಮರಳಿ ಸಿಕ್ಕವು. ಫೈಲುಗಳ ಹೆಸರುಗಳು ಮಾತ್ರ ಹೋದುದರಿಂದ ಯಾವ ವರ್ಷದ ಆಟ ಯಾವುದೆಂದು ವೇಷಧಾರಿಗಳನ್ನು ನೋಡಿಯೇ ಗುರುತಿಸಬೇಕಾಗಿದೆ. ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್ಪಿನಲ್ಲಿ ದಾಖಲಿಸುವ ಡಿಸ್ಕ್) ಆಗಿದ್ದರೆ ಈ ಆಸೆ ಬಹಳ ಕಡಿಮೆ, ಏಕೆಂದರೆ ಅಳಿಸಿದ ಜಾಗವನ್ನು ಅದು ತಾನಾಗಿಯೇ ತೆರವು ಮಾಡಿಕೊಳ್ಳುತ್ತದೆ. ಹಾರ್ಡ್ ಡಿಸ್ಕ್‌ನಲ್ಲಿಯೂ ಹೊಸತನ್ನು ಬರೆದ ಜಾಗದಲ್ಲಿ ಹಿಂದೆ ಇದ್ದದ್ದು ಯಾವ ತಂತ್ರಾಂಶಕ್ಕೂ ಸಿಗುವುದಿಲ್ಲ. ಆದ್ದರಿಂದ ಪರೀಕ್ಷೆಗೆಂದು ಒಂದೆರಡು ಸಿನಿಮಾ ತುಂಬಿಸಿಕೊಡುತ್ತೇವೆ ಎಂದು ಅಂಗಡಿಯವರು ಉದಾರವಾಗಿ ಹೇಳಿದರೆ, ಅಂಥ ಡಿಸ್ಕ್‌ನ ಮಟ್ಟಿಗೆ ಬೇಡವೆಂದು ಹೇಳಿ ಅದನ್ನು ಮನೆಗೆ ತರುವುದೇ ಸರಿ.

ಇತಿ,
ಓರ್ವ ಓದುಗ
ಕುಂಜಿಬೆಟ್ಟು, ಉಡುಪಿ