ಮನೋವೈದ್ಯರ ಪಟ್ಟಿ: ಭಾನುವಾರದೊಳಗೆ ತಿಳಿಸಿ

ಎಲ್ಲರಿಗೂ ನಮಸ್ಕಾರ. ಮಗುವಿಗೋ ದೊಡ್ಡವರಿಗೋ ಮನೋವೈದ್ಯರನ್ನು ಹುಡುಕುತ್ತಿರುವವರು ನಮ್ಮ ಗುಂಪಿನಲ್ಲೇ ಇದ್ದಾರೆ. ಅವರಿಗಾಗಿ ಬಳ್ಳಾರಿಯ ಪಟ್ಟಿ ಮಾಡುತ್ತಿದ್ದೇನೆ. ನೀವು ತೋರಿಸಿದ ಡಾಕ್ಟರ್ ಯಾರು, ಮಕ್ಕಳನ್ನು ನೋಡುತ್ತಾರಾ, ಕೂತು ಮಾತು ಕೇಳುತ್ತಾರಾ ಅಂತ ಭಾನುವಾರ ಸಂಜೆಯೊಳಗೆ ನನಗೊಬ್ಬಳಿಗೇ ಮೆಸೇಜ್ ಮಾಡಿ. ಗುಂಪಿನಲ್ಲಿ ಹಾಕಬೇಡಿ. ರೋಗಿಯ ಹೆಸರೂ ಬೇಡ.

ಆಪ್ತಸಮಾಲೋಚಕರು ಮಾತ್ರೆ ಬರೆಯುವಂತಿಲ್ಲ, ಅದಕ್ಕೆ ಮನೋವೈದ್ಯರೇ ಬೇಕು. ನಾವಿದು ತಿಳಿಯದೆ ಸುಮ್ನೆ ಅಲೆದೆವು. ಮೊದಲ ಸಲ ಹೋಗುವಾಗ ಒಂದು ನೋಟ್‌ಬುಕ್ ಒಯ್ಯಿರಿ. ಮಗ ರಾತ್ರಿ ಎಷ್ಟು ಸಲ ಎದ್ದ, ಯಾವಾಗ ಅಂಗಿ ಕಾಲರ್ ಕಚ್ಚಿದ ಅಂತ ಎರಡು ವಾರ ಬರೆದಿಟ್ಟಿದ್ದೆ. ಡಾಕ್ಟರ್ ಮೊದಲು ಓದಿದ್ದೇ ಅದನ್ನು.

ಕಷ್ಟ ಜಾಸ್ತಿ ಇದ್ದರೆ ಪಟ್ಟಿಗೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಓದಿದವರು ‘ಸರಿ’ ಅಂತ ಹಾಕಿ.