ಮನೆ ಹುಡುಕುತ್ತಿರುವ ಪೈಲಟ್ ಮಗಳಿಗೆ ದೊಡ್ಡಪ್ಪನ ಪತ್ರ

ಶಿರಸಿ

ಚಿ. ಸೌ. ಪಲ್ಲವಿಗೆ ದೊಡ್ಡಪ್ಪನ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ. ಮೊನ್ನೆ ನಿನ್ನ ಅಪ್ಪ ಫೋನು ಮಾಡಿದ್ದ. ನೀನು ಗೋವಾ ಬೇಸ್, ಅಂದರೆ ಡ್ಯೂಟಿ ಶುರುವಾಗುವ ಊರಾಗಿ ಗೋವಾವನ್ನೇ, ಕೇಳಿಕೊಂಡು ಕಾರವಾರದ ಕೋಡಿಬಾಗದ ಮನೆಯ ಮಾಳಿಗೆಯಲ್ಲೇ ಇರುತ್ತೇನೆ ಅನ್ನುತ್ತೀಯಂತೆ. ಅಳಿಯಂದಿರು ದೇವನಹಳ್ಳಿ ಹತ್ತಿರ ಫ್ಲ್ಯಾಟ್ ಬುಕ್ ಮಾಡೋಣ ಅನ್ನುತ್ತಾರಂತೆ. ‘ಅಣ್ಣಾ, ನೀನೇ ಒಂದು ಮಾತು ಹೇಳು’ ಎಂದ. ವಿಮಾನ ಹಾರಿಸುವುದು ನನಗೇನು ಗೊತ್ತು? ಆದರೆ ಆಯುಷ್ಯವೆಲ್ಲ ಬಸ್ಸು ಓಡಿಸಿದವನು ನಾನು, ಡ್ಯೂಟಿಗೂ ನಿದ್ದೆಗೂ ಮನೆಗೂ ಬೀಳುವ ಜಗಳ ಚೆನ್ನಾಗಿ ಗೊತ್ತು.

ಕಾರವಾರದ ಮಾತು ಮೊದಲು. ಆಯಿಯ ಕೈಯಡುಗೆ, ಬಾಡಿಗೆ ಇಲ್ಲ, ಸಮುದ್ರದ ಗಾಳಿ, ಯಾರಿಗೆ ಬೇಡ? ಆದರೆ ಕಾರವಾರ–ಪಣಜಿ ರೂಟಿನಲ್ಲಿ ಓಡಿಸಿದವನು ಹೇಳುತ್ತೇನೆ ಕೇಳು. ಗೋವಾದ ಹಳೇ ನಿಲ್ದಾಣ ದಾಬೋಲಿಗೇ ಎರಡು ತಾಸು ಇಟ್ಟುಕೊಳ್ಳಬೇಕು. 2023ರಲ್ಲಿ ಶುರುವಾದ ಮೋಪಾ ನಿಲ್ದಾಣವಂತೂ ಗೋವಾದ ಉತ್ತರದ ತುದಿ, ನಮ್ಮ ಕಡೆಯವರು ಇಡೀ ಗೋವಾ ದಾಟಿ ಹೋಗಬೇಕು. ಎರಡರಲ್ಲಿ ಎಲ್ಲಿಂದ ಹಾರಿಸುವುದು ಎಂಬುದು ಕಂಪನಿಯ ಮರ್ಜಿ, ನಿನ್ನದಲ್ಲ. ಬೆಳಗಿನ ಜಾವದ ಫ್ಲೈಟಿದ್ದರೆ ಮಧ್ಯರಾತ್ರಿಗೇ ಮನೆ ಬಿಡಬೇಕು. ಕರೆದ ಕೂಡಲೇ ಹೊರಡಲು ಸಿದ್ಧವಾಗಿರಬೇಕಾದ ಸ್ಟ್ಯಾಂಡ್‌ಬೈ ದಿನ ಕರೆ ಬಂದರೆ ಏನು ಮಾಡುತ್ತೀ? ಮಳೆಗಾಲದ ಕಥೆ ಬೇರೆ. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದಾಯಿತು. ಮುಂದಿನ ತಿಂಗಳು, ಆಗಸ್ಟ್ 6–7ರ ನಡುರಾತ್ರಿ, ಕಾಳಿ ನದಿಯ ಹಳೇ ಸೇತುವೆ ಲಾರಿ ಸಮೇತ ನೀರಿಗೆ ಬಿತ್ತು. ಅದು ನಿಮ್ಮ ಕೋಡಿಬಾಗದ ಮಗ್ಗುಲಲ್ಲೇ, ಗೋವಾಕ್ಕೆ ಹೋಗುವ ದಾರಿಯಲ್ಲೇ.

ಇನ್ನು ಫ್ಲ್ಯಾಟು. ಅಳಿಯಂದಿರು ಕಳಿಸಿದ ಬ್ರೋಷರ್ ನೋಡಿದೆ. ಈಜುಕೊಳ, ಕ್ಲಬ್ ಹೌಸು ಎಲ್ಲ ಇದೆ. ತಿಂಗಳಲ್ಲಿ ಎಷ್ಟೋ ರಾತ್ರಿ ಹೋಟೆಲಿನಲ್ಲಿ ಮಲಗುವವಳಿಗೆ ಈಜುಕೊಳ ಅಲ್ಲೂ ಇರುತ್ತದಲ್ಲ! ನನ್ನ ತಕರಾರು ಕಂತಿನದ್ದು. ನಿನ್ನ ಸಂಬಳದಲ್ಲಿ ಹಾರಿದ ತಾಸಿನ ಲೆಕ್ಕಕ್ಕೆ ಬರುವ ಪಾಲು ಎಷ್ಟು, ಹಾರದೆ ಕೂತರೂ ಬರುವುದು ಎಷ್ಟು, ಬಿಡಿಸಿ ಬರೆದು ನೋಡು. ಬ್ಯಾಂಕಿನವರು ಒಟ್ಟು ಮೊತ್ತ ನೋಡಿ ಸಾಲ ಕೊಡುತ್ತಾರೆ, ನೀನು ಎರಡನೆಯದನ್ನು ಮಾತ್ರ ನೋಡಿ ತೆಗೆದುಕೊಳ್ಳಬೇಕು. ನಾವು ಕೈಬಿಗಿಯಾದಾಗ ಡಬಲ್ ಡ್ಯೂಟಿ ಮಾಡಿ ಸರಿದೂಗಿಸುತ್ತಿದ್ದೆವು. ನಿನಗೆ ವರ್ಷಕ್ಕೆ 1000 ತಾಸಿನ ಮಿತಿ, ಬೇಕೆಂದರೂ ಹೆಚ್ಚು ಹಾರುವಂತಿಲ್ಲ. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್, 2023ರ ಮೇಯಲ್ಲಿ ಗೋ ಫಸ್ಟ್ ನಿಂತುಹೋದವು. ನಡುವೆ ಕೊರೋನಾ ಬಂದು ಎರಡು ತಿಂಗಳು ದೇಶದೊಳಗೂ ವಿಮಾನ ಹಾರಲಿಲ್ಲ. ತರಬೇತಿಯ ಸಾಲವೇ ಇನ್ನೂ ತೀರಿಲ್ಲ. ಕ್ಯಾಪ್ಟನ್ ಆಗಿ ಹೆಗಲಿಗೆ ನಾಲ್ಕು ಪಟ್ಟಿ ಬಂದ ದಿನ ಕಂಪನಿ ನಿನ್ನನ್ನು ದಿಲ್ಲಿಗೋ ಕೋಲ್ಕತಾಕ್ಕೋ ಹಾಕಿದರೆ ದೇವನಹಳ್ಳಿಯ ಫ್ಲ್ಯಾಟಿಗೆ ದೀಪ ಹಚ್ಚುವವರು ಯಾರು? ಕ್ಯಾಪ್ಟನ್ ಆಗಿ, ಬೇಸ್ ಒಂದು ಕಡೆ ನಿಂತ ಮೇಲೆ ಕೊಳ್ಳು.

ಅಲ್ಲಿಯವರೆಗೆ ಬಾಡಿಗೆ ಮನೆ, ಯಲಹಂಕದ ಸುತ್ತ. ನಿಲ್ದಾಣಕ್ಕೆ ಹತ್ತಿರ, ದೇವನಹಳ್ಳಿಯಷ್ಟು ಒಂಟಿಯಲ್ಲ. ಎರಡು ವರ್ಷಕ್ಕೊಮ್ಮೆ ಏರ್ ಶೋ ಗದ್ದಲ, ಅದು ನಿನಗೆ ಖುಷಿಯೇ ಇರಬಹುದು. ಅಳಿಯಂದಿರಿಗೆ ವೈಟ್‌ಫೀಲ್ಡ್ ದೂರವಾಗುತ್ತದೆ, ನಿಜ. ಆದರೆ ಅವರಿಗೆ ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ. ಟ್ರಾಫಿಕ್ಕಿನಲ್ಲಿ ಅವರಿಗೆ ತಡವಾದರೆ ಮೀಟಿಂಗು ತಪ್ಪೀತು, ನಿನಗಾದರೆ ವಿಮಾನದ ತುಂಬ ಜನ ಕಾಯಬೇಕು. ಇದನ್ನು ಅವರಿಗೂ ಓದಿ ಹೇಳು, ಬೇಸರ ಮಾಡಿಕೊಳ್ಳುವವರಲ್ಲ.

ಮನೆ ನೋಡಲು ಭಾನುವಾರ ಸಂಜೆ ಹೋಗಬೇಡ. ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ, ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಅರ್ಧ ತಾಸು ಸುಮ್ಮನೆ ಕೂತುಕೋ. ಬೆಂಗಳೂರು ನೈಟ್ ಸರ್ವಿಸ್ ಮುಗಿಸಿ ನಾನು ಬೆಳಿಗ್ಗೆ ಮನೆಗೆ ಬಂದರೆ, ಅಡಕೆ ಸುಗ್ಗಿಯಲ್ಲಿ ಪಕ್ಕದ ಚಪ್ಪರದಡಿ ಸುಲಿಯುವವರ ಮಾತು, ನಗು, ರೇಡಿಯೋ. ಅಟ್ಟದ ಕಿಟಕಿಗೆ ಗೋಣಿಚೀಲ ಕಟ್ಟಿ, ಕಿವಿಗೆ ಹತ್ತಿ ತುರುಕಿಕೊಂಡು ಮಲಗುತ್ತಿದ್ದೆ. ಪಂಪ್‌ಸೆಟ್ಟಿನ ಸದ್ದು, ಶಾಲೆಯ ಗಂಟೆ, ಮೇಲಿನ ಮನೆಯ ಕಾಮಗಾರಿ, ಎಲ್ಲ ಕೇಳಿಸಿಕೋ. ಪಶ್ಚಿಮದ ಬಿಸಿಲು ಹಾಸಿಗೆಗೆ ಬೀಳುತ್ತದೆಯೇ ನೋಡು. ಕಾವೇರಿ ನೀರೋ ಟ್ಯಾಂಕರೋ ಕೇಳು. ಕಂಪನಿಯ ಕ್ಯಾಬು ಆ ಬೀದಿಯವರೆಗೆ ಬರುತ್ತದೆಯೇ ಎಂಬುದನ್ನು ಕಂಪನಿಯಲ್ಲೇ ವಿಚಾರಿಸು, ಬ್ರೋಕರನ ಮಾತು ನಂಬಬೇಡ.

2025ರಿಂದ ವಾರಕ್ಕೆ 48 ತಾಸಿನ ವಿಶ್ರಾಂತಿ ಎಂದು ನೀನೇ ಹೇಳಿದ್ದೆ. ಹಾಗಂತ ಪ್ರತಿ ವಾರ ಪಂಚಗಂಗಾ ಹತ್ತಿ ಕಾರವಾರಕ್ಕೆ ಬರುವ ಲೆಕ್ಕ ಹಾಕಬೇಡ. ಎರಡು ರಾತ್ರಿ ರೈಲಿಗೇ ಹೋದರೆ ಅದನ್ನು ವಿಶ್ರಾಂತಿ ಅನ್ನುವುದು ಹೇಗೆ? ರಜೆ ಕೂಡಿಸಿಕೊಂಡು ಬಾ. ಆಯಿಗೆ ನಾನು ಹೇಳುತ್ತೇನೆ.

ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ವಾಟ್ಸಾಪಿನಲ್ಲಿ ಕಳಿಸು. ಬೇಸ್ ಬದಲಾದರೆ ಒಂದು ತಿಂಗಳ ನೋಟಿಸಿನಲ್ಲಿ ಮನೆ ಬಿಡಬಹುದು, ಅಡ್ವಾನ್ಸ್ ಪೂರ್ತಿ ವಾಪಸು ಎಂಬ ಮಾತು ಅದರಲ್ಲಿ ಬರಹದಲ್ಲಿ ಇರಬೇಕು. ಮಾಲೀಕರು ಬಾಯಲ್ಲಿ ಹೇಳಿದ್ದು ಸಾಲದು.

ನಿನ್ನ ದೊಡ್ಡಪ್ಪ