ಅವ್ವನ ಸೂಜಿ ವಿಷಯ

ಮ್ಯಾಂಚೆಸ್ಟರ್

ಅಣ್ಣಾಗ ನಮಸ್ಕಾರ. ವೈನಿಗೆ, ಹುಡುಗರಿಗೆ ಕೇಳೀನಿ ಅಂತ ಹೇಳು. ನಾವು ಆರಾಮ ಅದೀವಿ.

ತೊಡಿ ಎಲುಬಿನ ಆಪರೇಷನ್ ಆದ ಮ್ಯಾಲೆ ಅವ್ವಗ ಕೊಟ್ಟ ಡಿಸ್ಚಾರ್ಜ್ ಕಾರ್ಡಿನ ಫೋಟೊ ನೋಡಿದೆ. ಕ್ರಿಯಾಟಿನಿನ್ (ಕಿಡ್ನಿ ಹೊರಗ ಹಾಕೂ ರಕ್ತದಾಗಿನ ಕಸ) 1.1, ಕಿಡ್ನಿ ನಾರ್ಮಲ್ ಅಂತ ಬರದೀದಿ. ಎಡವಟ್ಟು ಆಗೂದ ಅಲ್ಲೇ. ಮೈಯಾಗ ಮಾಂಸ ಇಲ್ಲದ ಮುದುಕರಿಗೆ ಅದು ಕಡಿಮಿನ ತೋರಸತೈತಿ. ಲೆಕ್ಕ ಹಾಕು: 140ರಾಗ ಆಕಿ ವಯಸ್ಸು 78 ಕಳೆ, ತೂಕ 42 ಕಿಲೋದಿಂದ ಗುಣಿಸು, 72 ಇಂಟು 1.1ರಿಂದ ಭಾಗಿಸು, ಹೆಂಗಸಿಗೆ ಅಂತ ಮತ್ತ 0.85ರಿಂದ ಗುಣಿಸು. ಕಿಡ್ನಿ ರಕ್ತ ಸೋಸೂ ವೇಗ ನಿಮಿಷಕ್ಕ 28 ಮಿಲಿಲೀಟರ್ ಹತ್ರ ಬರತೈತಿ. 30ರ ಕೆಳಗ ಇಳದ್ರ ಎನಾಕ್ಸಾಪ್ಯಾರಿನ್, ಅಂದ್ರ ರಕ್ತ ಹೆಪ್ಪುಗಟ್ಟದಂಗ ಅವ್ವಗ ಕೊಡೂ ಸೂಜಿ, ಲಗೂನ ಹೊರಗ ಹೋಗಂಗಿಲ್ಲ, ದಿನಾ ಒಂದಿಷ್ಟು ಮೈಯಾಗ ಉಳೀತೈತಿ. ಇಲ್ಲಿ ಅಂಥವರಿಗೆ 40 ಮಿಲಿಗ್ರಾಂ ಬದಲಿ 20 ಕೊಡತಾರ. ನೀ ನಿನ್ನಷ್ಟಕ್ಕ ಕಡಿಮಿ ಮಾಡಬ್ಯಾಡ, ಬಂದೂ ಮಾಡಬ್ಯಾಡ. ತೊಡಿ ಎಲುಬಿನ ಆಪರೇಷನ್ ಆದವರಿಗೆ ಕಾಲಾಗ ರಕ್ತ ಹೆಪ್ಪುಗಟ್ಟಿದ್ರ ಅದೂ ಜೀವಕ್ಕ ಕುತ್ತ. ನಾಳೆನ ಡಾಕ್ಟರಿಗೆ ಈ ಲೆಕ್ಕ ತೋರಿಸಿ, ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಟೆಸ್ಟ್ ಮಾಡಸು.

ಮೊಣಕಾಲಿಗಂತ ಅಂಗಡಿಯಿಂದ ತರಿಸಿ ನುಂಗೂ ಡೈಕ್ಲೋಫಿನಾಕ್ ಇವತ್ತ ಬಿಡಸು. ಹೊಟ್ಟಿಯೊಳಗ ರಕ್ತ ಹರಸೂದು ಅದ, ಕಿಡ್ನಿ ಕೆಡಸೂದೂ ಅದ.

ಕಾಂಪೌಂಡರ್ ಚುಚ್ಚಿ ತಿಕ್ಕತಾನ ಅಂದಿ. ತಿಕ್ಕಬಾರದು. ಹೊಕ್ಕಳದಿಂದ 5 ಸೆಂಟಿಮೀಟರ್ ಬಾಜೂಕ, ಚರ್ಮ ಮಡಿಕಿ ಮಾಡಿ ಹಿಡದು, ನೆಟ್ಟಗ ಚುಚ್ಚಬೇಕು. ಸೂಜಿ ಹೊರಗ ಬರೂತನ ಮಡಿಕಿ ಬಿಡಬಾರದು. ಬಿಟ್ರ ಅವ್ವನಂಥ ಬಡಕಲ ಹೊಟ್ಟ್ಯಾಗ ಸೂಜಿ ಸ್ನಾಯುವಿಗೇ ಹೋಗತೈತಿ, ಒಳಗ ರಕ್ತ ಕಟ್ಟತೈತಿ. ದಿನಾ ಬಾಜೂ ಬದಲಸ್ರಿ. ಇಲ್ಲಿ 80ರ ಮುದುಕ್ಯಾರೂ ತಾವ ಚುಚ್ಚಿಕೊಂಡು ಸೂಜಿ ಹಳದಿ ಡಬ್ಬ್ಯಾಗ ಹಾಕತಾರ. ನಗಬ್ಯಾಡ, ನಮ್ಮಂಗ ಕಸದಾಗ ಒಗಿಯಂಗಿಲ್ಲ.

ಚುಚ್ಚಿದಲ್ಲಿ ನಾಕಾಣೆಯಷ್ಟು ನೀಲಿ ಕಲಿಗೆ ಹೆದರಬ್ಯಾಡ. ಆದ್ರ ಹೊಟ್ಟಿ ಒಂದ ಬಾಜೂ ಗಟ್ಟಿ ಬಾತು ಕೆಮ್ಮಿದ್ರ ಬ್ಯಾನಿ ಆದ್ರ, ಇಲ್ಲಾ ಬೆನ್ನು, ತೊಡಿಸಂದಿ ಹಿಡದು ತಲಿ ಸುತ್ತಿ ತಣ್ಣನ ಬೆವರು ಬಂದ್ರ, ಅದು ಒಳಗಿನ ರಕ್ತಸ್ರಾವ ಇರಬಹುದು. ಹೊರಗ ಒಂದ ಹನಿನೂ ಕಾಣಂಗಿಲ್ಲ. ಸಂಡಾಸ ಕಪ್ಪಾದ್ರೂ, ಬಿದ್ದು ತಲಿಗೆ ಪೆಟ್ಟಾದ್ರೂ ಗುಳೇದಗುಡ್ಡದಾಗ ಹೊತ್ತು ಕಳೀಬ್ಯಾಡ, ಗಾಡಿ ಮಾಡಿ ಸೀದಾ ಬಾಗಲಕೋಟಿಗೆ. ಕಡೀ ಸೂಜಿ ಎಷ್ಟು ಗಂಟೆಕ್ಕ, ಎಷ್ಟು ಮಿಲಿಗ್ರಾಂ ಅಂತ ಚೀಟಿ ಒಯ್ಯಿ. ಈ ಸೂಜಿಗೆ ಪ್ರತಿಮದ್ದು ಪ್ರೊಟಮಿನ್, ಆದ್ರ ಅದು ಇದರ ಕೆಲಸ ಪೂರ್ತಿ ತಡಿಯಂಗಿಲ್ಲ. ಅದೂ ಸೂಜಿ ಚುಚ್ಚಿದ ಮೊದಲ 8 ತಾಸಿನಾಗ ಕೊಟ್ರ ಹೆಚ್ಚು ಉಪಯೋಗ.

ರೊಕ್ಕದ ಚಿಂತಿ ಬ್ಯಾಡ, ಕಳಸೀನಿ. ಅವ್ವಗ ಏನೂ ಆಗಂಗಿಲ್ಲ ಅಂತ ಹೇಳು, ಖರೇನ ಏನೂ ಆಗಂಗಿಲ್ಲ. ಡ್ಯೂಟಿಗೆ ಹೊತ್ತಾತು. ರಿಪೋರ್ಟ್ ಬಂದ ಕೂಡಲೆ ಫೋಟೊ ಹಾಕು.

ನಿನ್ನ ತಂಗಿ